ಒಂದೇ ಘಟನೆ, ಎರಡು ಸಿನಿಮಾ: ಯಾವುದನ್ನು ನೋಡುವುದು?

ಈಗೀಗ ಎಲ್ಲಾದರೂ ದೊಡ್ಡ ಘಟನೆಯೊಂದು ನಡೆದರೆ ಮೂರ್ನಾಲ್ಕು ವರ್ಷದೊಳಗೆ ಅದರ ಮೇಲೊಂದು ಸಾಕ್ಷ್ಯಚಿತ್ರ, ಒಂದು ಕಥಾಚಿತ್ರ, ಕೆಲವೊಮ್ಮೆ ವೆಬ್ ಸರಣಿಯೂ ಬಂದುಬಿಡುತ್ತದೆ. ಎಲ್ಲವನ್ನೂ ನೋಡಲು ಯಾರಿಗೂ ಪುರುಸೊತ್ತಿಲ್ಲ. ಯಾವುದನ್ನು ನೋಡಲಿ ಎಂದು ಕೇಳಿದರೆ ಸಿಗುವ ಉತ್ತರ ಮಾತ್ರ ಸಾಮಾನ್ಯವಾಗಿ ಒಂದೇ: ನಿಜ ತಿಳಿಯಬೇಕಾದರೆ ಸಾಕ್ಷ್ಯಚಿತ್ರ, ಮನಸ್ಸಿಗೆ ತಟ್ಟಬೇಕಾದರೆ ಕಥಾಚಿತ್ರ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಸಾಕ್ಷ್ಯಚಿತ್ರದಲ್ಲೂ ಪುನರಭಿನಯ ಇರುತ್ತದೆ, ನೀರಿನ ತೊಟ್ಟಿಯೊಳಗೆ ತೆಗೆದ ದೃಶ್ಯ ಇರುತ್ತದೆ, ಸ್ಟುಡಿಯೋದಲ್ಲಿ ಕೂತು ಸೇರಿಸಿದ ಸದ್ದು ಇರುತ್ತದೆ. ಕಥಾಚಿತ್ರದ ಹಿಂದೆ ನೂರಾರು ಗಂಟೆಗಳ ಸಂದರ್ಶನ ಇದ್ದೀತು.

ನಾನು ಬೇರೊಂದು ಪ್ರಶ್ನೆ ಇಟ್ಟುಕೊಂಡು ಆರಿಸುತ್ತೇನೆ. ಆ ಘಟನೆಯಲ್ಲಿ ಕ್ಯಾಮೆರಾಕ್ಕೆ ಸಿಗದೇ ಹೋದದ್ದು ಏನು? ಸಿಗದ ಆ ಜಾಗಕ್ಕೆ ನಿರ್ದೇಶಕರು ಏನನ್ನು ತಂದಿಟ್ಟಿದ್ದಾರೆ? ಇಲ್ಲಾ, ಖಾಲಿಯಾಗಿಯೇ ಬಿಟ್ಟಿದ್ದಾರೆಯೇ? ಈಚಿನ ಕೆಲವು ಸಿನಿಮಾಗಳನ್ನು ಹೀಗೆ ಜೋಡಿ ಜೋಡಿಯಾಗಿ ಇಟ್ಟು ನೋಡಿದ್ದೇನೆ. ಕೊನೆ ಹೇಗಾಯಿತು ಎಂಬುದು ಗೊತ್ತಿರುವ ಘಟನೆಗಳೇ ಹೆಚ್ಚು ಇರುವುದರಿಂದ ಕಥೆ ಬಿಟ್ಟುಕೊಟ್ಟ ಚಿಂತೆ ಬೇಡ.

ಗುಹೆಯ ಒಳಗೆ

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ 12 ಹುಡುಗರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಮಳೆನೀರಿಗೆ ಸಿಕ್ಕಿಬಿದ್ದರು. ಜುಲೈ 2ರಂದು ಇಬ್ಬರು ಬ್ರಿಟಿಷ್ ಗುಹಾ ಮುಳುಗುಗಾರರು ಅವರನ್ನು ಪತ್ತೆಮಾಡಿದರು. ಜುಲೈ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಎಲ್ಲರನ್ನೂ ಹೊರಗೆ ತಂದರು. ಇದರ ಮೇಲೆ ಬಂದ ಸಾಕ್ಷ್ಯಚಿತ್ರ 'ದಿ ರೆಸ್ಕ್ಯೂ' (2021), ನಿರ್ದೇಶಕರು ಎಲಿಜಬೆತ್ ಚಾಯ್ ವಸರ್ಹೆಲಿ ಮತ್ತು ಜಿಮ್ಮಿ ಚಿನ್. ಕಥಾಚಿತ್ರ ರಾನ್ ಹೊವರ್ಡ್ ಅವರ 'ಥರ್ಟೀನ್ ಲೈವ್ಸ್' (2022).

ಕೆಸರು ನೀರಿನೊಳಗೆ ಒಂದು ಮಾರು ದೂರವೂ ಕಾಣದ ಗುಹೆಯಲ್ಲಿ, ಪ್ರಾಣ ಕೈಯಲ್ಲಿ ಹಿಡಿದು ಮುಳುಗುತ್ತಿರುವಾಗ ಚಿತ್ರೀಕರಣ ಮಾಡುವವರು ಯಾರು? ಸಾಕ್ಷ್ಯಚಿತ್ರಕ್ಕೆ ಎದುರಾದ ಮೊದಲ ಕೊರತೆ ಇದು. ಅದಕ್ಕಾಗಿ ನಿರ್ದೇಶಕರು ನಿಜವಾದ ಮುಳುಗುಗಾರರನ್ನೇ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದ ತೊಟ್ಟಿಗೆ ಇಳಿಸಿ, ಅಂದು ಹುಡುಗರನ್ನು ಹೇಗೆ ಹಿಡಿದು ಸಾಗಿಸಿದರೋ ಹಾಗೆಯೇ ಮಾಡಿ ತೋರಿಸಲು ಹೇಳಿದರು. ಥಾಯ್ ನೌಕಾಪಡೆಯವರು ತೆಗೆದಿಟ್ಟಿದ್ದ 87 ಗಂಟೆಗಳ ದೃಶ್ಯಾವಳಿಯೂ ಕಡೆಗೆ ಕೈಸೇರಿತು. ಯಾವುದು ಅಂದಿನದು, ಯಾವುದು ತೊಟ್ಟಿಯದು ಎಂದು ಗೆರೆ ಕೊಯ್ದು ಹೇಳುವುದು ನೋಡುವವರಿಗೆ ಕಷ್ಟ. ಆದರೂ ನನಗೆ ಮೋಸ ಹೋದೆ ಅನ್ನಿಸಲಿಲ್ಲ. ತೊಟ್ಟಿಯಲ್ಲಿ ಕಾಣುವ ಕೈಗಳು ಅಂದು ಆ ಕೆಲಸ ಮಾಡಿದ ಕೈಗಳೇ. ಹುಡುಗನ ತಲೆಯನ್ನು ಬಂಡೆಗೆ ತಾಗದಂತೆ ಎದೆಗವಚಿ ಹಿಡಿಯುವ ಆ ಎಚ್ಚರವನ್ನು ನಟನಿಗೆ ಹೇಳಿಕೊಟ್ಟು ಮಾಡಿಸುವುದು ಸುಲಭವಲ್ಲ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಹುಡುಗರ ಕಥೆಯ ಹಕ್ಕು ಬೇರೆ ಸಂಸ್ಥೆಯ ಕೈಯಲ್ಲಿ ಇದ್ದುದರಿಂದ ಸಾಕ್ಷ್ಯಚಿತ್ರದಲ್ಲಿ ಅವರ ಸಂದರ್ಶನ ಇಲ್ಲ. ಸಹಜವಾಗಿಯೇ ಚಿತ್ರ ಮುಳುಗುಗಾರರ ಕಡೆಗೆ ವಾಲಿದೆ. ಶಾಲೆಯಲ್ಲಿ ಯಾವ ತಂಡಕ್ಕೂ ಸೇರದ, ವಾರಾಂತ್ಯಕ್ಕೆ ಕತ್ತಲ ಗುಹೆಗಳಲ್ಲಿ ಒಬ್ಬಂಟಿಯಾಗಿ ತೆವಳುವ ಈ ನಡುವಯಸ್ಸಿನ ಗಂಡಸರ ಸ್ವಭಾವವೇ ಚಿತ್ರದ ಜೀವಾಳ. ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಮಕ್ಕಳಿಗೆ ಕೆಟಮಿನ್ ಕೊಟ್ಟು ಪ್ರಜ್ಞೆ ತಪ್ಪಿಸಿ ತರುವ ತೀರ್ಮಾನದ ಬಗ್ಗೆ ಮಾತಾಡುವ ಭಾಗವಂತೂ ಈಚೆಗೆ ನಾನು ಕಂಡ ಅತ್ಯಂತ ಪ್ರಾಮಾಣಿಕ ಮಾತುಗಾರಿಕೆ. ಮಕ್ಕಳು ದಾರಿಯಲ್ಲೇ ಸಾಯಬಹುದು ಎಂದು ಅವರು ನಿಜವಾಗಿಯೂ ಎಣಿಸಿದ್ದರು.

'ಥರ್ಟೀನ್ ಲೈವ್ಸ್'ನಲ್ಲಿ ಆ ಪಾತ್ರವನ್ನು ಜೋಯಲ್ ಎಡ್ಗರ್ಟನ್ ಚೆನ್ನಾಗಿಯೇ ಮಾಡಿದ್ದಾರೆ. ವಿಗೊ ಮಾರ್ಟೆನ್ಸನ್, ಕಾಲಿನ್ ಫ್ಯಾರೆಲ್ ಇಬ್ಬರೂ ತಾರಾಗಿರಿ ಬಿಟ್ಟು ನಟಿಸಿದ್ದಾರೆ. ಆದರೆ ಈ ಚಿತ್ರದ ನಿಜವಾದ ಬಲ ಗುಹೆಯ ಹೊರಗಿದೆ. ಬೆಟ್ಟದ ಮೇಲಿನ ನೀರು ಗುಹೆಗೆ ಇಳಿಯದಂತೆ ತಿರುಗಿಸಬೇಕು, ತಿರುಗಿಸಿದರೆ ಕೆಳಗಿನ ಗದ್ದೆಗಳು ಮುಳುಗುತ್ತವೆ. ರೈತರ ಎದುರು ನಿಂತು ಅದನ್ನು ಕೇಳುವ ದೃಶ್ಯವೊಂದಿದೆ. ಅವರು ಹೂಂ ಅನ್ನುತ್ತಾರೆ. ಹಾಡಿಲ್ಲ, ಭಾಷಣವಿಲ್ಲ. ಸಾಕ್ಷ್ಯಚಿತ್ರದಲ್ಲಿ ಹಿಂದೆ ಸರಿದಿರುವ ಊರಿನವರು, ತಾಯಂದಿರು, ಪಂಪು ಹಿಡಿದು ನಿಂತವರು ಇಲ್ಲಿ ಮುಂದೆ ಬಂದಿದ್ದಾರೆ. ಛಾಯಾಗ್ರಾಹಕ ಸಯೊಂಭು ಮುಕ್ದೀಪ್ರೋಮ್ ಥಾಯ್ಲೆಂಡಿನವರೇ. ಆ ಮಳೆಯನ್ನು ಹೊರಗಿನವರ ಬೆರಗಿನಿಂದ ತೆಗೆದಿಲ್ಲ.

ಒಂದೇ ನೋಡುವುದಾದರೆ 'ದಿ ರೆಸ್ಕ್ಯೂ' ನೋಡಿ, 107 ನಿಮಿಷ. ಎರಡಕ್ಕೂ ಸಮಯವಿದ್ದರೆ ಮೊದಲು ಕಥಾಚಿತ್ರ, ಆಮೇಲೆ ಸಾಕ್ಷ್ಯಚಿತ್ರ. ತಿರುಗಿಸಿ ನೋಡಿದರೆ ಎರಡೂವರೆ ಗಂಟೆಯ ಕಥಾಚಿತ್ರದ ಮುಳುಗುವ ದೃಶ್ಯಗಳು ದೀರ್ಘವಾದವು ಅನ್ನಿಸುತ್ತದೆ.

ಒಂದೇ ದೃಶ್ಯಾವಳಿ, ಎರಡು ಕಣ್ಣು

ಸಾಕ್ಷ್ಯಚಿತ್ರ ಎಂದರೆ ಇದ್ದದ್ದನ್ನು ಇದ್ದಹಾಗೆ ತೋರಿಸುವುದು ಎಂದು ನಂಬಿದವರಿಗೆ ನಾನು ಮೊದಲು ಹೇಳುವುದೇ ಈ ಜೋಡಿ. ಕಾಟಿಯಾ ಮತ್ತು ಮೋರಿಸ್ ಕ್ರಾಫ್ಟ್ ಫ್ರಾನ್ಸಿನ ದಂಪತಿ, ಜ್ವಾಲಾಮುಖಿ ವಿಜ್ಞಾನಿಗಳು. ಎಲ್ಲಿ ಬೆಟ್ಟ ಬೆಂಕಿ ಉಗುಳಿತೋ ಅಲ್ಲಿಗೆ ಕ್ಯಾಮೆರಾ ಹೊತ್ತು ಓಡುತ್ತಿದ್ದರು. 1991ರ ಜೂನ್ 3ರಂದು ಜಪಾನಿನ ಉನ್ಜೆನ್ ಬೆಟ್ಟದಿಂದ ನುಗ್ಗಿದ ಸುಡುಬೂದಿಯ ಪ್ರವಾಹಕ್ಕೆ ಸಿಕ್ಕಿ ಇಬ್ಬರೂ ಸತ್ತರು; ಅಂದು ಒಟ್ಟು 43 ಜನ ಪ್ರಾಣ ಕಳೆದುಕೊಂಡರು. ಅವರು ಬಿಟ್ಟುಹೋದ 16 ಎಂಎಂ ರೀಲುಗಳಿಂದ 2022ರಲ್ಲಿ ಒಂದೇ ವರ್ಷ ಎರಡು ಸಾಕ್ಷ್ಯಚಿತ್ರಗಳು ಬಂದವು. ಸಾರಾ ಡೋಸಾ ಅವರ 'ಫೈರ್ ಆಫ್ ಲವ್' ಒಂದು, ವರ್ನರ್ ಹರ್ಟ್ಸಾಗ್ ಅವರ 'ದಿ ಫೈರ್ ವಿದಿನ್' ಇನ್ನೊಂದು.

ಆ ರೀಲುಗಳಲ್ಲಿ ಸದ್ದಿಲ್ಲ. ದೃಶ್ಯದ ಜೊತೆಗೇ ಧ್ವನಿ ದಾಖಲಾಗಿಲ್ಲ. 'ಫೈರ್ ಆಫ್ ಲವ್' ನೋಡುವಾಗ ಕೇಳುವ ಲಾವಾದ ಕೊತಕೊತ, ಬೂಟಿನಡಿ ಪುಡಿಯಾಗುವ ಕಲ್ಲು ಎಲ್ಲವನ್ನೂ ಆಮೇಲೆ ಸೇರಿಸಿದ್ದು. ಅದು ತಿಳಿದ ಮೇಲೆ ಮತ್ತೊಮ್ಮೆ ನೋಡಿದರೆ ಚಿತ್ರವೇ ಬೇರೆಯಾಗಿ ಕಾಣುತ್ತದೆ. ಇನ್ನೊಂದು ಕೊರತೆಯೂ ಇದೆ: ಗಂಡ ಹೆಂಡತಿ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಅಪರೂಪ. ಒಬ್ಬರು ಕ್ಯಾಮೆರಾ ಹಿಡಿದಾಗ ಇನ್ನೊಬ್ಬರು ಅದರ ಎದುರು ಇರುತ್ತಾರೆ. ಡೋಸಾ ಆ ಕೊರತೆಯಿಂದಲೇ ಪ್ರೇಮಕಥೆ ಹೆಣೆದಿದ್ದಾರೆ. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ಅಲ್ಲಿ ಪ್ರೀತಿಯ ಪುರಾವೆ. ಮಿರಾಂಡಾ ಜುಲೈ ಅವರ ಮೆಲುದನಿಯ ನಿರೂಪಣೆ, ಪುಟ್ಟ ಆನಿಮೇಶನ್ ತುಣುಕುಗಳು, ಚುರುಕಾದ ಸಂಕಲನ ಸೇರಿ ಚಿತ್ರ ಹಗುರಾಗಿ ಸಾಗುತ್ತದೆ.

ಹರ್ಟ್ಸಾಗ್ ಅವರಿಗೆ ಪ್ರೇಮಕಥೆಯಲ್ಲಿ ಅಷ್ಟು ಆಸಕ್ತಿಯಿಲ್ಲ. ಅವರು ಉನ್ಜೆನ್‌ನ ಕೊನೆಯ ದಿನಗಳಿಂದ ಶುರುಮಾಡುತ್ತಾರೆ, ಸಾವು ಮೊದಲೇ ಬಂದು ಕೂತಿರುತ್ತದೆ. ಅವರ ಕಣ್ಣಿಗೆ ಕ್ರಾಫ್ಟ್ ದಂಪತಿ ಮುಖ್ಯವಾಗಿ ಸಿನಿಮಾದವರು: ಮೊದಮೊದಲು ಸಾಧಾರಣವಾಗಿ ಚಿತ್ರ ತೆಗೆಯುತ್ತಿದ್ದವರು ಬರಬರುತ್ತಾ ಹೇಗೆ ಪಳಗಿದರು ಎಂಬುದನ್ನು ಶಾಟ್ ಶಾಟ್ ತೋರಿಸುತ್ತಾರೆ. ಕಡೆಗೆ ಮಾತು ನಿಲ್ಲಿಸಿ, ಗಾಯನವೊಂದನ್ನೇ ಇಟ್ಟು, ಬೆಂಕಿಯ ನದಿಗಳನ್ನು ಹರಿಯಬಿಡುತ್ತಾರೆ. ಆ ಭಾಗಗಳನ್ನು ಮೊಬೈಲಿನಲ್ಲಿ ನೋಡುವುದು ದೊಡ್ಡ ನಷ್ಟ. 1985ರಲ್ಲಿ ಕೊಲಂಬಿಯಾದ ನೆವಾಡೊ ದೆಲ್ ರೂಯಿಸ್ ಸಿಡಿದು ಕೆಸರಿನ ಹೊಳೆ ಆರ್ಮೆರೊ ಪಟ್ಟಣವನ್ನು ನುಂಗಿತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕ್ರಾಫ್ಟ್ ದಂಪತಿಯ ಕ್ಯಾಮೆರಾ ಮನುಷ್ಯರ ಕಡೆಗೆ ತಿರುಗಿತು, ಅಪಾಯದ ಎಚ್ಚರಿಕೆ ಕೊಡುವ ವಿಡಿಯೋ ಮಾಡುವುದೇ ಅವರ ಕೆಲಸವಾಯಿತು. ಈ ತಿರುವಿನ ಭಾರ ಹರ್ಟ್ಸಾಗ್ ಚಿತ್ರದಲ್ಲಿ ನನಗೆ ಹೆಚ್ಚು ತಟ್ಟಿತು.

ಸಾಕ್ಷ್ಯಚಿತ್ರವೆಂದರೆ ಬೇಸರ ಎನ್ನುವವರನ್ನು ಒಲಿಸಿಕೊಳ್ಳಬೇಕಾದರೆ 'ಫೈರ್ ಆಫ್ ಲವ್' ಹಾಕಿ. ನನ್ನ ಆಯ್ಕೆ ಹರ್ಟ್ಸಾಗ್. ಸಂಕಲನ ಕಲಿಯುವ ಹುಡುಗ ಹುಡುಗಿಯರು ಎರಡನ್ನೂ ಒಂದರ ಹಿಂದೊಂದು ನೋಡಲೇಬೇಕು. ಒಂದೇ ಶಾಟು ಒಂದು ಚಿತ್ರದಲ್ಲಿ ಸಲ್ಲಾಪವಾಗಿ, ಇನ್ನೊಂದರಲ್ಲಿ ಶೋಕವಾಗಿ ಬರುವುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ಬೇರೆಲ್ಲೂ ಸಿಗದು.

ಸತ್ತವರಿಗೆ ದನಿ

1972ರ ಅಕ್ಟೋಬರ್ 13ರಂದು 45 ಜನರಿದ್ದ ಉರುಗ್ವೆಯ ವಿಮಾನ ಆಂಡೀಸ್ ಹಿಮಪರ್ವತದಲ್ಲಿ ಬಿತ್ತು. 72 ದಿನಗಳ ಕೊನೆಗೆ ಬದುಕಿ ಬಂದವರು 16 ಜನ. ಸತ್ತ ಗೆಳೆಯರ ಮಾಂಸ ತಿಂದು ಅವರು ಜೀವ ಉಳಿಸಿಕೊಂಡರು. ಇದರ ಮೇಲೆ ಬಂದವುಗಳಲ್ಲಿ ಎರಡನ್ನು ಎದುರುಬದುರು ಇಡಬೇಕು: ಗೊನ್ಸಾಲೊ ಅರಿಹೊನ್ ಅವರ 2007ರ ಸಾಕ್ಷ್ಯಚಿತ್ರ 'ಸ್ಟ್ರ್ಯಾಂಡೆಡ್' ಮತ್ತು ಜೆ. ಎ. ಬಯೋನಾ ಅವರ 2023ರ ಕಥಾಚಿತ್ರ 'ಸೊಸೈಟಿ ಆಫ್ ದಿ ಸ್ನೋ'.

ಸಾಕ್ಷ್ಯಚಿತ್ರದಲ್ಲಿ ಮಾತಾಡುವವರು ಬದುಕಿ ಬಂದವರು. ಬೇರೆ ದಾರಿಯೇ ಇಲ್ಲ. ನಿರ್ದೇಶಕ ಅರಿಹೊನ್ ಬದುಕಿ ಬಂದ ಹಲವರ ಬಾಲ್ಯದ ಗೆಳೆಯ, ಹಾಗಾಗಿ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಬೆಟ್ಟಕ್ಕೆ ತಿರುಗಿ ಹೋಗಿ ನಿಂತಾಗಿನ ಅವರ ಮುಖಗಳು ನನಗೆ ಮರೆಯುವುದಿಲ್ಲ. ಆದರೂ ಬದುಕಿದವರು ಹೇಳುವ ಕಥೆ ಎಷ್ಟಾದರೂ ಬದುಕಿನ ಕಥೆಯೇ ಆಗುತ್ತದೆ. ಬಯೋನಾ ಆರಿಸಿಕೊಂಡ ನಿರೂಪಕ ನೂಮಾ ತುರ್ಕಾತಿ ಡಿಸೆಂಬರ್ 11ರಂದು ಬೆಟ್ಟದ ಮೇಲೆಯೇ ಸತ್ತವನು, ಸತ್ತವರಲ್ಲಿ ಕೊನೆಯವನು. ಮರುದಿನವೇ ಮೂವರು ಸಹಾಯ ಹುಡುಕಿ ಹೊರಟರು. ಕಥೆ ಹೇಳುತ್ತಿರುವವನೇ ಉಳಿಯುವುದಿಲ್ಲ ಎಂಬುದು ಗೊತ್ತಿಲ್ಲದೆ ಕೂತವರಿಗೆ ಆ ಗಳಿಗೆ ದೊಡ್ಡ ಹೊಡೆತ. ಪ್ರತಿ ಸಾವಿನ ಜೊತೆ ತೆರೆಯ ಮೇಲೆ ನಿಜವಾದ ಹೆಸರು, ವಯಸ್ಸು ಬರುತ್ತದೆ. ಯಾವ ಸಂದರ್ಶನಕ್ಕೂ ಎಟುಕದ ಜಾಗ ಇದು, ಕಥಾಚಿತ್ರ ತನ್ನ ಹಕ್ಕನ್ನು ಸರಿಯಾದ ಕಡೆ ಬಳಸಿಕೊಂಡಿದೆ.

ಹಾಗಾಗಿ ಇಲ್ಲಿ ನನ್ನ ಮೊದಲ ಆಯ್ಕೆ ಕಥಾಚಿತ್ರ. ವಿಮಾನ ಬೀಳುವ ದೃಶ್ಯ ತೀರಾ ಕಠೋರವಾಗಿದೆ, ಎದೆ ಗಟ್ಟಿಯಿಲ್ಲದವರು 'ಸ್ಟ್ರ್ಯಾಂಡೆಡ್' ಹಿಡಿಯುವುದು ಒಳ್ಳೆಯದು. ಸ್ಪ್ಯಾನಿಷ್ ಧ್ವನಿಯಲ್ಲೇ ನೋಡಿ. ಉರುಗ್ವೆ, ಅರ್ಜೆಂಟೀನಾದ ಆ ಹುಡುಗರ ಉಸಿರಾಟವೂ ನಟನೆಯ ಭಾಗ, ಡಬ್ಬಿಂಗ್‌ನಲ್ಲಿ ಅದು ಸತ್ತುಹೋಗುತ್ತದೆ. ಬದುಕಿ ಬಂದವರ ಹೆಸರನ್ನು ರೇಡಿಯೋಗೆ ಓದಿ ಹೇಳುವ ತಂದೆಯ ಪಾತ್ರದಲ್ಲಿ ಇರುವವರು ಕಾರ್ಲಿಟೋಸ್ ಪಾಯಸ್. ಅಂದು ಆ ಪಟ್ಟಿಯಲ್ಲಿದ್ದ ಮಗ ಇಂದು ತನ್ನ ತಂದೆಯಾಗಿ ನಿಂತು ತನ್ನದೇ ಹೆಸರನ್ನು ಓದುತ್ತಾರೆ.

ಯುದ್ಧದ ನಡುವೆ ಕ್ಯಾಮೆರಾ

ಇವೆರಡು ಒಂದೇ ಘಟನೆಯ ಮೇಲಿನ ಚಿತ್ರಗಳಲ್ಲ. ಯುದ್ಧದ ಚಿತ್ರ ತೆಗೆಯುವವರು ಯಾಕೆ ತೆಗೆಯುತ್ತಾರೆ ಎಂಬ ಒಂದೇ ಪ್ರಶ್ನೆಯ ಮೇಲಿನವು. ಮಿಸ್ತಿಸ್ಲಾವ್ ಚೆರ್ನೋವ್ ಅವರ '20 ಡೇಸ್ ಇನ್ ಮರಿಯುಪೋಲ್' (2023) ಸಾಕ್ಷ್ಯಚಿತ್ರ, ಅಲೆಕ್ಸ್ ಗಾರ್ಲೆಂಡ್ ಅವರ 'ಸಿವಿಲ್ ವಾರ್' (2024) ಕಲ್ಪನೆಯ ಅಮೆರಿಕದ ಅಂತರ್ಯುದ್ಧದ ಕಥಾಚಿತ್ರ.

ಚೆರ್ನೋವ್ ಚಿತ್ರ ನೋಡುವಾಗ ನನ್ನ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. ಕ್ಯಾಮೆರಾಕ್ಕೆ ಸಿಗದೇ ಹೋದದ್ದಕ್ಕಿಂತ ಸಿಕ್ಕಿದ್ದನ್ನು ಹೊರಗೆ ಕಳಿಸುವುದೇ ಅಲ್ಲಿ ಕಷ್ಟ. ರಷ್ಯಾದ ಮುತ್ತಿಗೆಯಲ್ಲಿದ್ದ ಉಕ್ರೇನಿನ ಆ ನಗರದಲ್ಲಿ ಇಂಟರ್ನೆಟ್ ಇಲ್ಲ. ಸಿಗ್ನಲ್ ಸಿಕ್ಕ ಕಡೆ ನಿಂತು ಚಿಕ್ಕ ಚಿಕ್ಕ ತುಣುಕುಗಳನ್ನಾಗಿ ಕಳಿಸುತ್ತಾರೆ, ಅದೇ ತುಣುಕು ಪ್ರಪಂಚದ ಟಿವಿ ವಾಹಿನಿಗಳಲ್ಲಿ ಕೆಲವೇ ಸೆಕೆಂಡು ಬಂದು ಹೋಗುವುದನ್ನು ಚಿತ್ರವೇ ತೋರಿಸುತ್ತದೆ. 2022ರ ಮಾರ್ಚ್ 9ರಂದು ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದಾಗ ಆ ಚಿತ್ರಗಳು ಬಂದದ್ದು ಇವರಿಂದಲೇ. ಅವು ನಾಟಕ ಎಂದು ರಷ್ಯಾ ಹೇಳಿತು. ಪೂರ್ತಿ ಚಿತ್ರ ನೋಡಿದ ಮೇಲೆ ಆ ಮಾತು ಎಷ್ಟು ಕ್ರೂರ ಎಂಬುದು ಅರ್ಥವಾಗುತ್ತದೆ. ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಇದಕ್ಕೆ ಬಂದಿದೆ. ಮಕ್ಕಳ ಸಾವು ಕಣ್ಣೆದುರೇ ನಡೆಯುತ್ತದೆ. ಮನಸ್ಸು ಸರಿಯಿಲ್ಲದ ದಿನ ಖಂಡಿತ ಬೇಡ.

'ಸಿವಿಲ್ ವಾರ್' ಕೌಶಲದ ಚಿತ್ರ, ಸದ್ದು ಅದ್ಭುತ. ಗುಂಡಿನ ಮೊರೆತದ ನಡುವೆ ಒಮ್ಮೆಲೇ ನಿಶ್ಶಬ್ದವಾಗಿ ಒಂದು ಕಪ್ಪು ಬಿಳುಪು ಸ್ಥಿರಚಿತ್ರ ನಿಲ್ಲುವ ಕ್ರಮ ನನಗೆ ಬಹಳ ಹಿಡಿಸಿತು. ಯುದ್ಧ ಛಾಯಾಗ್ರಾಹಕಿಯಾಗಿ ನಟಿಸಿದ ಕರ್ಸ್ಟನ್ ಡನ್ಸ್ಟ್ ಅವರ ದಣಿದ ಮುಖ ಸಂಭಾಷಣೆಗಿಂತ ಹೆಚ್ಚು ಹೇಳುತ್ತದೆ. ಯುದ್ಧ ಯಾಕೆ ಶುರುವಾಯಿತು ಎಂಬುದನ್ನು ಮಾತ್ರ ಗಾರ್ಲೆಂಡ್ ಬೇಕೆಂದೇ ಹೇಳಿಲ್ಲ. ಬಹಳ ಜನ ಅದನ್ನು ಮೆಚ್ಚಿದ್ದಾರೆ, ನನಗೆ ಒಪ್ಪಿಗೆಯಾಗಿಲ್ಲ. ಮರಿಯುಪೋಲ್‌ನ ಪ್ರತಿ ಚಿತ್ರಕ್ಕೂ ಯಾರು, ಯಾರ ಮೇಲೆ ಎಂಬುದಿದೆ. ಅದಿಲ್ಲದ ಯುದ್ಧದಲ್ಲಿ ಛಾಯಾಗ್ರಾಹಕರ ಧೈರ್ಯ ಬರೀ ಸಾಹಸವಾಗಿ ಉಳಿಯುತ್ತದೆ. ಚಿತ್ರಮಂದಿರದ ಅನುಭವಕ್ಕೆ ಗಾರ್ಲೆಂಡ್, ಪ್ರಶ್ನೆಯ ಉತ್ತರಕ್ಕೆ ಚೆರ್ನೋವ್.

ತೋರಿಸದೇ ಇರುವ ಎರಡು ಬಗೆ

2023ರ ಕಾನ್ ಚಿತ್ರೋತ್ಸವದಲ್ಲಿ ನಾಜಿ ಕಾಲದ ಬಗ್ಗೆ ಎರಡು ಚಿತ್ರಗಳು ಬಂದವು, ಎರಡರಲ್ಲೂ ಅಂದಿನ ಹಿಂಸೆಯ ಒಂದು ದೃಶ್ಯವೂ ಇಲ್ಲ. ಜೊನಾಥನ್ ಗ್ಲೇಜರ್ ಅವರ 'ದಿ ಝೋನ್ ಆಫ್ ಇಂಟರೆಸ್ಟ್' ಆಶ್‌ವಿಟ್ಸ್ ಶಿಬಿರದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಸಂಸಾರ ಮಾಡುವ ಕಮಾಂಡರನ ಕಥೆ. ಮನೆಯೊಳಗೆ ಕ್ಯಾಮೆರಾಗಳನ್ನು ಅಡಗಿಸಿಟ್ಟು, ತಂಡದವರೆಲ್ಲ ಹೊರಗಿದ್ದು, ನಟರನ್ನು ಅವರ ಪಾಡಿಗೆ ಓಡಾಡಲು ಬಿಟ್ಟು ತೆಗೆದದ್ದು. ನೋಡುವುದು ಹೂದೋಟ, ಕೇಳುವುದು ಗೋಡೆಯಾಚೆಯ ಸದ್ದು. ಶಬ್ದಕ್ಕೆ ಆಸ್ಕರ್ ಬಂದದ್ದು ಇದಕ್ಕೇ. ಸ್ಟೀವ್ ಮೆಕ್ವೀನ್ ಅವರ 'ಆಕ್ಯುಪೈಡ್ ಸಿಟಿ' ಸಾಕ್ಷ್ಯಚಿತ್ರ. ಒಂದೇ ಒಂದು ಹಳೆಯ ಚಿತ್ರವನ್ನೂ ಬಳಸದೆ ಇಂದಿನ ಆಮ್‌ಸ್ಟರ್‌ಡಮ್‌ನ ಮನೆ, ಬೀದಿ, ಉದ್ಯಾನಗಳನ್ನು ತೋರಿಸುತ್ತಾ, ಆ ವಿಳಾಸದಲ್ಲಿ ಅಂದು ಏನಾಯಿತು ಎಂಬುದನ್ನು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತದೆ. ಅವಧಿ ನಾಲ್ಕು ಗಂಟೆಗೂ ಹೆಚ್ಚು. 'ಕೆಡವಲಾಗಿದೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ಗ್ಲೇಜರ್ ಚಿತ್ರಕ್ಕೆ ಒಳ್ಳೆಯ ಹೆಡ್‌ಫೋನ್ ಕಡ್ಡಾಯ. ಟಿವಿಯ ಸಣ್ಣ ಸ್ಪೀಕರಿನಲ್ಲಿ ಅರ್ಧ ಸಿನಿಮಾ ಕಾಣೆಯಾಗುತ್ತದೆ. ಮೆಕ್ವೀನ್ ಚಿತ್ರದಲ್ಲಿ ಗಮನ ಅಲೆಯುವುದು ಸಹಜ, ಆದರೆ ಜಾರುಬಂಡಿಯಾಡುವ ಮಕ್ಕಳನ್ನು ನೋಡುತ್ತಾ ಕೂತಾಗ ಕಿವಿಗೆ ಬಿದ್ದ ಹೆಸರೊಂದನ್ನು ಕಳೆದುಕೊಂಡೆವಲ್ಲ ಅನ್ನಿಸುವುದೂ ಆ ಚಿತ್ರದ ಅನುಭವವೇ. ಮಧ್ಯಂತರ ಕೊಟ್ಟು ಎರಡು ಸಂಜೆಗೆ ಹಂಚಿಕೊಂಡು ನೋಡಬಹುದು. ಮೊದಲ ಸಲಕ್ಕೆ ಗ್ಲೇಜರ್ ಸಾಕು.

ಒಬ್ಬರೇ ನಿರ್ದೇಶಕಿ, ಎರಡೂ ದಾರಿ

ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್'ಗೆ 2024ರ ಕಾನ್‌ನಲ್ಲಿ ಗ್ರ್ಯಾಂಡ್ ಪ್ರೀ ಬಂದಾಗ ಎಲ್ಲರೂ ಆ ಚಿತ್ರ ಹುಡುಕಿದರು. ಅವರ 2021ರ ಸಾಕ್ಷ್ಯಚಿತ್ರ 'ಎ ನೈಟ್ ಆಫ್ ನೋಯಿಂಗ್ ನಥಿಂಗ್' ಹುಡುಕಿದವರು ಕಡಿಮೆ, ಅದಕ್ಕೂ ಕಾನ್‌ನಲ್ಲೇ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿ ಬಂದಿತ್ತು. ತಮಾಷೆಯೆಂದರೆ ಸಾಕ್ಷ್ಯಚಿತ್ರದ ಎಳೆ ಕಲ್ಪಿತ: 'ಎಲ್' ಎಂಬ ವಿದ್ಯಾರ್ಥಿನಿ ದೂರವಾದ ಪ್ರೇಮಿಗೆ ಬರೆದ ಪತ್ರಗಳು. ಅದರ ಸುತ್ತ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಮುಷ್ಕರದ, ಬೀದಿಗಿಳಿದ ವಿದ್ಯಾರ್ಥಿಗಳ ನಿಜವಾದ ದೃಶ್ಯಗಳು. ಕಥಾಚಿತ್ರವೋ, ಮುಂಬೈಗೆ ದುಡಿಯಲು ಬಂದವರ ಧ್ವನಿಗಳಿಂದ ಸಾಕ್ಷ್ಯಚಿತ್ರದಂತೆ ಆರಂಭವಾಗಿ, ಆಮೇಲೆ ಮೂವರು ಹೆಂಗಸರ ಬದುಕಿಗೆ ಇಳಿಯುತ್ತದೆ. ಗಂಡನಿರುವ ಜರ್ಮನಿಯಿಂದ ಬಂದ ರೈಸ್ ಕುಕ್ಕರನ್ನು ನಟಿ ಕನಿ ಕುಸೃತಿ ಅಪ್ಪಿಕೊಳ್ಳುವ ದೃಶ್ಯದಲ್ಲಿ ಜೊತೆಗಿಲ್ಲದ ಆ ಗಂಡನ ಬಗ್ಗೆ ಇನ್ನು ಯಾವ ಮಾತೂ ಬೇಕಿಲ್ಲ.

ಕಥಾಚಿತ್ರದಿಂದ ಶುರುಮಾಡಿ, ಇಷ್ಟವಾದರೆ ಹಿಂದಕ್ಕೆ ಹೋಗಿ. ಸಾಕ್ಷ್ಯಚಿತ್ರ ನಿಧಾನ, ಕತ್ತಲೆ, ಕಾಳುಕಾಳಾಗಿ ಕಾಣುವ ಕಪ್ಪು ಬಿಳುಪು. ಆ ಲಯಕ್ಕೆ ಒಗ್ಗಿಕೊಂಡವರಿಗೆ ಮಾತ್ರ ತೆರೆದುಕೊಳ್ಳುತ್ತದೆ.

ಜೋಡಿ ಹುಡುಕಬೇಕಿಲ್ಲದ ಕೆಲವು

ಕೆಲವು ಚಿತ್ರಗಳು ಎರಡನ್ನೂ ತಮ್ಮೊಳಗೇ ಇಟ್ಟುಕೊಂಡಿವೆ. ಯೋನಾಸ್ ಪೊಹೆರ್ ರಾಸ್ಮುಸೆನ್ ಅವರ 'ಫ್ಲೀ' (2021) ಆಫ್ಘಾನಿಸ್ತಾನದಿಂದ ಓಡಿಬಂದವನ ಗುರುತು ಮರೆಮಾಡಲು ಆನಿಮೇಶನ್ ಹಿಡಿಯಿತು. ಬೆಂಜಮಿನ್ ರೀ ಅವರ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' (2024) ಸ್ನಾಯುಕ್ಷಯದಿಂದ 25ನೇ ವಯಸ್ಸಿನಲ್ಲಿ ತೀರಿಹೋದ ನಾರ್ವೆಯ ಮ್ಯಾಟ್ಸ್ ಸ್ಟೀನ್ ಅವರದು. ಮಗ ಒಂಟಿಯಾಗಿ ಸತ್ತ ಎಂದುಕೊಂಡಿದ್ದ ಅಪ್ಪ ಅಮ್ಮನಿಗೆ, ಆನ್‌ಲೈನ್ ಆಟದೊಳಗೆ ಅವನಿಗೆ ದೊಡ್ಡ ಗೆಳೆಯರ ಬಳಗವಿತ್ತು ಎಂಬುದು ಆಮೇಲೆ ತಿಳಿಯಿತು. ಆ ಆಟದಲ್ಲಿ ಉಳಿದಿದ್ದ 42,000 ಪುಟಗಳ ಮಾತುಕತೆಯಿಂದ ಅವನ ಇನ್ನೊಂದು ಬದುಕನ್ನು ಆಟದ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ. ಮಕ್ಕಳು ಸದಾ ಪರದೆಯ ಮುಂದೆ ಎಂದು ಸಿಟ್ಟಾಗುವ ಅಪ್ಪ ಅಮ್ಮಂದಿರಿಗೆ ನಾನು ಕೊಡುವ ಚಿತ್ರ ಇದು. ಹದಿಹರೆಯದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ಇವೆಲ್ಲದರ ನಡುವೆ ಅತ್ಯಂತ ಧೈರ್ಯದ ಚಿತ್ರ ಕೌಥರ್ ಬೆನ್ ಹನಿಯಾ ಅವರ 'ಫೋರ್ ಡಾಟರ್ಸ್' (2023). ಟುನೀಸಿಯಾದ ಓಲ್ಫಾ ಎಂಬ ತಾಯಿಗೆ ನಾಲ್ವರು ಹೆಣ್ಣುಮಕ್ಕಳು, ಇಬ್ಬರು ಉಗ್ರವಾದದ ಬಲೆಗೆ ಬಿದ್ದು ಮನೆ ಬಿಟ್ಟರು. ಇರುವ ಇಬ್ಬರು ತಾವಾಗಿಯೇ ಬರುತ್ತಾರೆ, ಇಲ್ಲದ ಇಬ್ಬರ ಜಾಗಕ್ಕೆ ನಟಿಯರು ಬರುತ್ತಾರೆ. ತಾಯಿಗೆ ತಡೆಯಲಾಗದ ದೃಶ್ಯಗಳಿಗೆ ಅವಳ ಬದಲು ನಟಿ ಹೆಂದ್ ಸಬ್ರಿ. ಹೊಸ 'ಅಕ್ಕಂದಿರ' ಜೊತೆ ತಂಗಿಯರು ನಗುತ್ತಾರೆ, ಅಳುತ್ತಾರೆ. ಓಲ್ಫಾ ಮಾಡಿದ್ದು ಸರಿಯೇ ಎಂದು ಹೆಂದ್ ಸಬ್ರಿ ಅವಳೊಡನೆಯೇ ವಾದಕ್ಕಿಳಿಯುತ್ತಾರೆ. ಎಲ್ಲ ಗಂಡಸರ ಪಾತ್ರವನ್ನೂ ಮಾಡುವ ನಟ ಒಂದು ಹಂತದಲ್ಲಿ ಮುಂದುವರಿಯಲಾಗದೆ ಚಿತ್ರೀಕರಣ ನಿಲ್ಲಿಸುತ್ತಾನೆ, ನಿರ್ದೇಶಕಿ ಅದನ್ನೂ ಚಿತ್ರದಲ್ಲಿ ಉಳಿಸಿದ್ದಾರೆ. ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯದ ಮಾತು ಬರುವುದರಿಂದ ಚಿಕ್ಕ ಮಕ್ಕಳಿರುವಾಗ ಹಾಕಬೇಡಿ. ಅರೇಬಿಕ್ ಮಾತು ಓಡುತ್ತದೆ, ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಮುಖ ತಪ್ಪಿಹೋಗಬಹುದು. ಬೇಕಾದ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಿ.